ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ: ಜಾಹೀರಾತಿನ ದುಡ್ಡು ಯಾರ ಕೈಯಿಂದ ಹೋಗಬೇಕು?

ಏಜೆನ್ಸಿ ಶುರು ಮಾಡಬೇಕು ಅಂದವರೆಲ್ಲ ಮೊದಲು ಕೇಳುವುದು ಹೆಸರು, ಲೋಗೋ, ವೆಬ್‌ಸೈಟ್ ಬಗ್ಗೆ. ಅದೆಲ್ಲ ಒಂದು ವಾರದ ಕೆಲಸ. ಈ ಟಿಪ್ಪಣಿಯಲ್ಲಿ ನಾನು ಬರೆಯುತ್ತಿರುವುದು ದುಡ್ಡಿನ ದಾರಿ ಬಗ್ಗೆ. ಗ್ರಾಹಕರ ಜೇಬಿನಿಂದ ಹೊರಟ ರೂಪಾಯಿ ಎಲ್ಲೆಲ್ಲಿ ಹಾದು ಹೋಗುತ್ತದೆ ಅನ್ನುವುದು ತಿಳಿಯದೆ ಎಷ್ಟೋ ಸಣ್ಣ ಏಜೆನ್ಸಿಗಳು ಬೇಗ ಮುಚ್ಚುತ್ತವೆ. ಹುಬ್ಬಳ್ಳಿಯಲ್ಲಿ ನಾವಿಬ್ಬರು ಗೆಳೆಯರು ಈ ಕೆಲಸ ಶುರು ಮಾಡಿದಾಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲು ಸ್ವಲ್ಪ ಹಿಂದಿನ ಕಥೆ. ಪತ್ರಿಕೆ ಜಾಹೀರಾತಿನಲ್ಲಿ ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿಯ ಮಾನ್ಯತೆ ಇರುವ ಏಜೆನ್ಸಿಗೆ ಪತ್ರಿಕೆಯೇ ಶೇ 15 ಕಮಿಷನ್ ಬಿಡುವ ಪದ್ಧತಿ ಇದೆ. 1 ಲಕ್ಷದ ಜಾಹೀರಾತು ತಂದರೆ 15 ಸಾವಿರ ಏಜೆನ್ಸಿಗೆ. ಗೂಗಲ್ 2000ರ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ ಅನ್ನುವ ಜಾಹೀರಾತು ಸೇವೆ ಶುರು ಮಾಡಿತು. 2018ರಲ್ಲಿ ಹೆಸರು ಬದಲಾಗಿ ಗೂಗಲ್ ಆಡ್ಸ್ ಆಗಿದ್ದು ಅದೇ. ಅಲ್ಲಿ ಅಂಗಡಿಯವರೇ ಒಂದು ಕಾರ್ಡ್ ಇಟ್ಟುಕೊಂಡು ನೇರವಾಗಿ ಜಾಹೀರಾತು ಹಾಕಬಹುದು. ನಮ್ಮಂಥ ಸಣ್ಣ ಏಜೆನ್ಸಿಗೆ ಆ ಥರದ ಕಮಿಷನ್ ಇಲ್ಲ. ನಮ್ಮ ಸಂಪಾದನೆ ಅಂದರೆ ಗ್ರಾಹಕರು ನಮ್ಮ ಕೆಲಸಕ್ಕೆ ಕೊಡುವ ಫೀಸು, ಅಷ್ಟೇ. ಇದು ಮನಸ್ಸಿಗೆ ಇಳಿದರೆ ಮುಂದಿನದೆಲ್ಲ ಸುಲಭ.

ಖಾತೆಯೂ ಕಾರ್ಡೂ ಗ್ರಾಹಕರದ್ದೇ

ಮೊದಲ ವರ್ಷ ನಾವು ಮಾಡಿದ ದೊಡ್ಡ ತಪ್ಪು ಇದು. ದೀಪಾವಳಿ ಸೀಸನ್ನು. ಗ್ರಾಹಕರೊಬ್ಬರು "ನೀವೇ ಹಾಕ್ರಿ, ಆಮೇಲೆ ಒಟ್ಟಿಗೆ ಕೊಡ್ತೇನಿ" ಅಂದರು. ನಮ್ಮ ಕ್ರೆಡಿಟ್ ಕಾರ್ಡಿನಿಂದ 42 ಸಾವಿರ ಹೋಯಿತು. ವ್ಯಾಪಾರ ಚೆನ್ನಾಗಿಯೇ ಆಯಿತು. ಆದರೆ ದುಡ್ಡು ಕೈಗೆ ಬಂದಿದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ಕಾರ್ಡಿನ ಬಡ್ಡಿ ನಮ್ಮ ಫೀಸನ್ನೇ ತಿಂದುಹಾಕಿತ್ತು.

ಹಾಗಾಗಿ ಈಗ ಕ್ರಮ ಹೀಗಿದೆ. ಗೂಗಲ್ ಆಡ್ಸ್ ಖಾತೆಯನ್ನು ಗ್ರಾಹಕರ ಇಮೇಲಿನಲ್ಲೇ ತೆರೆಯುತ್ತೇವೆ, ಅವರ ಕಾರ್ಡು ಜೋಡಿಸುತ್ತೇವೆ. ಹಲವು ಗ್ರಾಹಕರ ಖಾತೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ನಮ್ಮ ಮ್ಯಾನೇಜರ್ ಅಕೌಂಟಿನಿಂದ ಅದಕ್ಕೆ ಲಿಂಕ್ ಕೇಳುತ್ತೇವೆ. ಗೂಗಲ್ ಸರ್ಚ್ ಮತ್ತು ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಅಂಗಡಿಯವರು ಓನರ್, ನಾವು ಮ್ಯಾನೇಜರ್. ಫೇಸ್‌ಬುಕ್ ಪೇಜಿಗೂ ಇದೇ ನಿಯಮ. ನಾಳೆ ಅವರು ನಮ್ಮನ್ನು ಬಿಟ್ಟರೆ ಲಿಂಕ್ ತೆಗೆದರಾಯಿತು, ಅವರ ಹಳೆಯ ಲೆಕ್ಕವೆಲ್ಲ ಅವರ ಹತ್ತಿರವೇ ಉಳಿಯುತ್ತದೆ. ಪೇಜಿನ ಅಡ್ಮಿನ್ ಅಧಿಕಾರ ಹಿಂದಿನ ಏಜೆನ್ಸಿಯವರ ಹತ್ತಿರ ಸಿಕ್ಕಿಕೊಂಡು ಒದ್ದಾಡಿದ ಅಂಗಡಿಯವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಅನ್ಯಾಯ. ಗ್ರಾಹಕರನ್ನು ಕೆಲಸದಿಂದ ಉಳಿಸಿಕೊಳ್ಳಬೇಕು, ಬೀಗ ಹಾಕಿ ಅಲ್ಲ.

ತೆರಿಗೆ ಕಡೆಯಿಂದ ನೋಡಿದರೂ ಇದೇ ಸರಿ. ಈ ಭಾಗವನ್ನು ನಿಧಾನವಾಗಿ ಓದಿ. ಸೇವೆ ಕೊಡುವವರ ವಾರ್ಷಿಕ ವಹಿವಾಟು ಕರ್ನಾಟಕದಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನಿಮಗೆ 6 ಗ್ರಾಹಕರಿದ್ದಾರೆ, ಪ್ರತಿಯೊಬ್ಬರದ್ದೂ ತಿಂಗಳಿಗೆ 30 ಸಾವಿರ ಜಾಹೀರಾತು ಖರ್ಚು ಅಂದುಕೊಳ್ಳಿ. ಅದನ್ನೆಲ್ಲ ನಿಮ್ಮ ಬಿಲ್ಲಿನಲ್ಲೇ ಸೇರಿಸಿದರೆ ವರ್ಷಕ್ಕೆ 21.6 ಲಕ್ಷ. ನಿಮ್ಮ ಫೀಸು ಒಂದು ರೂಪಾಯಿ ಸೇರಿಸುವ ಮೊದಲೇ ಮಿತಿ ದಾಟಿತು! ಗ್ರಾಹಕರ ಪರವಾಗಿ ಕಟ್ಟಿದ ದುಡ್ಡನ್ನು ನಮ್ಮ ಬಿಲ್ಲಿನ ಮೌಲ್ಯಕ್ಕೆ ಸೇರಿಸದೆ ಬಿಡುವ ಪ್ಯೂರ್ ಏಜೆಂಟ್ ಅಂತ ಒಂದು ವಿನಾಯಿತಿ ಇದೆ. ಆದರೆ ಅದಕ್ಕೆ ಷರತ್ತು ಜಾಸ್ತಿ, ಕಾಗದಪತ್ರ ಇನ್ನೂ ಜಾಸ್ತಿ.

ಇನ್ನು ಟಿಡಿಎಸ್. ದೊಡ್ಡ ಗ್ರಾಹಕರು ಬಿಲ್ ಕೊಡುವಾಗ ತೆರಿಗೆ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಜಾಹೀರಾತು ಗುತ್ತಿಗೆ ಅಂತ ಲೆಕ್ಕ ಹಿಡಿದರೆ ಶೇ 1 ಅಥವಾ 2. ವೃತ್ತಿಪರ ಸೇವೆ ಅಂತ ಹಿಡಿದರೆ ಶೇ 10. ನಿಮ್ಮ ಬಿಲ್ಲು 40 ಸಾವಿರ, ಅದರಲ್ಲಿ 30 ಸಾವಿರ ಗೂಗಲ್ಲಿಗೆ ಹೋಗುವ ದುಡ್ಡು, 10 ಸಾವಿರ ನಿಮ್ಮ ಫೀಸು ಅನ್ನೋಣ. ಶೇ 10 ಹಿಡಿದರೆ 4 ಸಾವಿರ ಹೋಯಿತು. ಅಂದರೆ ನಿಮ್ಮ ಫೀಸಿನಲ್ಲಿ ಶೇ 40! ರಿಟರ್ನ್ ಸಲ್ಲಿಸಿ ಮರುಪಾವತಿ ಬರುವವರೆಗೆ ಅದು ಸರ್ಕಾರದ ಹತ್ತಿರ. ಬಾಡಿಗೆ ಮಾತ್ರ ತಿಂಗಳ ಮೊದಲ ವಾರವೇ ಕೊಡಬೇಕಲ್ವಾ? ಗ್ರಾಹಕರೇ ನೇರವಾಗಿ ಕಟ್ಟಿದರೆ ನಿಮ್ಮ ಬಿಲ್ಲು 10 ಸಾವಿರದ್ದು ಮಾತ್ರ. ಅವರಿಗೂ ಲಾಭ ಇದೆ. ಗೂಗಲ್ ಹಾಕುವ ಶೇ 18 ಜಿಎಸ್‌ಟಿ ಅವರ ಜಿಎಸ್‌ಟಿ ನಂಬರಿನ ಮೇಲೆ ಬಂದರೆ ಇನ್‌ಪುಟ್ ಕ್ರೆಡಿಟ್ ಅವರೇ ತೆಗೆದುಕೊಳ್ಳಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಟಿಡಿಎಸ್ ಯಾವ ದರ ಅನ್ನುವುದನ್ನು ಮೊದಲ ಬಿಲ್ಲಿಗೂ ಮುಂಚೆ ಆಡಿಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಫೀಸು ಎಷ್ಟು?

ಪಕ್ಕದವರು 3 ಸಾವಿರಕ್ಕೆ ಮಾಡುತ್ತಾರೆ ಅಂತ ನಾವೂ 3 ಸಾವಿರ ಅನ್ನುವುದು ಬೆಲೆ ಕಟ್ಟುವ ರೀತಿ ಅಲ್ಲ. ಗಂಟೆ ಲೆಕ್ಕ ಹಾಕಿ. ಇಬ್ಬರಿಗೆ ತಲಾ 25 ಸಾವಿರ, ಬಾಡಿಗೆ 8 ಸಾವಿರ, ಇಂಟರ್ನೆಟ್ ಮತ್ತು ಸಾಫ್ಟ್‌ವೇರ್ 5 ಸಾವಿರ. ಒಟ್ಟು 63 ಸಾವಿರ. ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ ಕೂತರೂ ಗ್ರಾಹಕರ ಕೆಲಸಕ್ಕೆ ಸಿಗುವುದು ಅದರಲ್ಲಿ ಶೇ 60 ಮಾತ್ರ. ಉಳಿದದ್ದು ಓಡಾಟ, ಫೋನು, ಹೊಸ ಗ್ರಾಹಕರ ಹುಡುಕಾಟ. ಇಬ್ಬರದ್ದೂ ಸೇರಿ 210 ಗಂಟೆ ಆಗುತ್ತದೆ. 63 ಸಾವಿರವನ್ನು 210ರಿಂದ ಭಾಗಿಸಿದರೆ ಗಂಟೆಗೆ 300 ರೂಪಾಯಿ. ಇದು ಬರೀ ಅಸಲು. 100 ಸೇರಿಸಿ 400 ಅನ್ನಿ. ತಿಂಗಳಿಗೆ 20 ಗಂಟೆ ಬೇಡುವ ಗ್ರಾಹಕರಿಗೆ 8 ಸಾವಿರ ಹೇಳಬೇಕು, 6 ಸಾವಿರಕ್ಕಿಂತ ಕಡಿಮೆ ಹೇಳಿದರೆ ನಾವೇ ಕೈಯಿಂದ ಹಾಕಬೇಕಾಗುತ್ತದೆ.

ಜಾಹೀರಾತು ಖರ್ಚಿನ ಮೇಲೆ ಶೇಕಡಾವಾರು ಫೀಸು ತೆಗೆದುಕೊಳ್ಳುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗ್ರಾಹಕರ ಖರ್ಚು ಉಳಿಸಿದರೆ ನಮ್ಮ ಸಂಬಳ ಕಡಿಮೆ ಆಗುವ ಲೆಕ್ಕ ಅದು. ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿಕೊಳ್ಳುವುದೇ ಇಬ್ಬರಿಗೂ ನೆಮ್ಮದಿ.

ಬಾಕಿ ವಸೂಲಿಗೆ ಒಂದು ಮಾತು. ಶುರುವಿನಲ್ಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಮಾಡಿಸಿ, ಅದು ಉಚಿತ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರಿಗೆ ಬರೆದ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡಮಾಡಿ ವರ್ಷ ದಾಟಿಸಿದರೆ ಕೊಡುವವರೆಗೆ ಆ ಖರ್ಚನ್ನು ಅವರು ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. 2024ರ ಏಪ್ರಿಲ್ 1ರಿಂದ ಈ ನಿಯಮ ಜಾರಿಗೆ ಬಂದಿದೆ. ಉದ್ಯಮ್ ನಂಬರನ್ನು ಬಿಲ್ಲಿನ ಮೇಲೆಯೇ ಅಚ್ಚು ಮಾಡಿಸಿ. ಕಂಪನಿಗಳ ಅಕೌಂಟ್ಸ್ ವಿಭಾಗದವರು ಅದನ್ನು ಗಮನಿಸುತ್ತಾರೆ.

ಒಂದು ಸೋಫಾ ಅಂಗಡಿಯ ಫೋನು

ಏಜೆನ್ಸಿ ಬೆಳೆಯುವುದು ಹೇಗೆ ಅಂತ ನಾನು ಕಲಿತದ್ದು ಫರ್ನಿಚರ್ ಅಂಗಡಿಯೊಂದರಲ್ಲಿ. ಜಾಹೀರಾತು ಶುರುವಾದ ಹತ್ತೇ ದಿನಕ್ಕೆ ಅಲ್ಲಿನ ಕಾಕಾ ಕರೆದರು. "ಫೋನೇನೋ ಬರಾಕತ್ತಾವ ತಮ್ಮಾ, ಆದ್ರ ಎಲ್ಲಾರೂ ಹಳೇ ಸೋಫಾ ರಿಪೇರಿ ಮಾಡ್ತೀರೇನ್ರಿ ಅಂತಾರ."

ಅವರ ಕೌಂಟರಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆದೆ. ಜನ ನಿಜವಾಗಿ ಏನು ಟೈಪ್ ಮಾಡಿ ನಮ್ಮ ಜಾಹೀರಾತು ಒತ್ತಿದರು ಅನ್ನುವುದು ಅದರಲ್ಲಿ ಇರುತ್ತದೆ. ಸೋಫಾ ರಿಪೇರಿ, ಸೋಫಾ ಕ್ಲೀನಿಂಗ್, ಸೆಕೆಂಡ್ ಹ್ಯಾಂಡ್ ಸೋಫಾ, ಸೋಫಾ ಬಟ್ಟೆ ಮೀಟರಿಗೆ ಎಷ್ಟು, ಬಡಗಿ ಕೆಲಸ ಖಾಲಿ ಇದೆಯಾ. ಪ್ರತಿ ಒತ್ತಿಗೂ ಕಾಕಾ ದುಡ್ಡು ಕೊಟ್ಟಿದ್ದರು. ಇಂಥ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿದರೆ ಆ ಹುಡುಕಾಟಕ್ಕೆ ಜಾಹೀರಾತು ಕಾಣುವುದಿಲ್ಲ. ಒಂದು ಸೂಕ್ಷ್ಮ ಇದೆ: ರಿಪೇರಿ ಅಂತ ಹಾಕಿದರೆ ರಿಪೇರಿಂಗ್ ತಾನಾಗಿ ನಿಲ್ಲುವುದಿಲ್ಲ, ಎರಡನ್ನೂ ಬರೆಯಬೇಕು.

ಜಾಹೀರಾತು ಯಾವ ಊರಿನವರಿಗೆ ಕಾಣಬೇಕು ಅನ್ನುವ ಸೆಟ್ಟಿಂಗಿನಲ್ಲೂ ತಪ್ಪಿತ್ತು. ಗೂಗಲ್ ಮೊದಲೇ ಆರಿಸಿಟ್ಟಿರುವ ಆಯ್ಕೆಯಲ್ಲಿ ಆ ಊರಿನಲ್ಲಿ ಇರುವವರ ಜೊತೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರೂ ಸೇರುತ್ತಾರೆ. ಸಕಲೇಶಪುರದ ಹೋಮ್‌ಸ್ಟೇಗೆ ಅದು ಬೇಕೇ ಬೇಕು, ಬೆಂಗಳೂರಿನವರು ಹುಡುಕುತ್ತಾರಲ್ಲ. ಹುಬ್ಬಳ್ಳಿಯ ಸೋಫಾ ಅಂಗಡಿಗೆ ಅದು ನಷ್ಟ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದರೂ ಹಳೆಯ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಹುಡುಕುವವರು ಈಗಲೂ ಇದ್ದಾರೆ. ಹಾಗಾಗಿ ಹುಡುಕಾಟದ ಪದಗಳಲ್ಲಿ ಎರಡೂ ಸ್ಪೆಲಿಂಗ್ ಇಟ್ಟೆವು.

ಕೊನೆಗೆ ಕೌಂಟರಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್ ಇಟ್ಟು ಬಂದೆ. ಯಾರೇ ಫೋನ್ ಮಾಡಲಿ, ಒಳಗೆ ಬರಲಿ, "ನಮ್ಮ ಅಂಗಡಿ ಹೆಂಗ ಗೊತ್ತಾತ್ರಿ?" ಅಂತ ಕೇಳಿ ಒಂದು ಸಾಲು ಬರೆಯಬೇಕು. ಕ್ಲಿಕ್ ಎಷ್ಟು ಅಂತ ಕಂಪ್ಯೂಟರ್ ಹೇಳುತ್ತದೆ, ಸೋಫಾ ಹೋಯಿತೋ ಇಲ್ಲವೋ ಅನ್ನುವುದು ಆ ನೋಟ್‌ಬುಕ್ಕಿನಲ್ಲೇ ಇರುವುದು. ಮುಂದಿನ ತಿಂಗಳು ಫೋನು ಕಡಿಮೆ ಆದವು. ಆದರೆ ಮನೆಯ ಹಾಲ್‌ನ ಅಳತೆ ಹಿಡಿದುಕೊಂಡು ಬರುವವರು ಜಾಸ್ತಿ ಆದರು.

ಈ ಹಂತದಲ್ಲಿ ಗೂಗಲ್ ಏಜೆನ್ಸಿಗಳಿಗೆ ಕೊಡುವ ಮಾನ್ಯತೆಯ ಗುರುತಾದ ಗೂಗಲ್ ಪಾರ್ಟ್‌ನರ್ ಬ್ಯಾಡ್ಜ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅದರ ಷರತ್ತುಗಳಲ್ಲಿ ಒಂದು, ನಿಮ್ಮ ಖಾತೆಗಳೆಲ್ಲ ಸೇರಿ 90 ದಿನದಲ್ಲಿ 10,000 ಡಾಲರ್ ಜಾಹೀರಾತು ಖರ್ಚು ಆಗಿರಬೇಕು. ಸಣ್ಣ ಅಂಗಡಿಗಳ ಕೆಲಸ ಮಾಡುವವರು ಅದರ ಹಿಂದೆ ಓಡಿದರೆ ಸುಮ್ನೆ ಗ್ರಾಹಕರ ಖರ್ಚು ಹೆಚ್ಚಿಸುವ ಆಸೆ ಹುಟ್ಟುತ್ತದೆ. ತಾನಾಗಿ ಬಂದರೆ ಬರಲಿ.

ನಮಗೆ ಎರಡನೇ ಫರ್ನಿಚರ್ ಅಂಗಡಿ ಸಿಕ್ಕಿದ್ದು ಗದಗಿನಲ್ಲಿ, ಕಾಕಾ ಅವರ ಬೀಗರದ್ದೇ. ಹುಬ್ಬಳ್ಳಿಯಲ್ಲಿ ತಿಂಗಳುಗಟ್ಟಲೆ ಕೂತು ಹೆಕ್ಕಿದ್ದ ನೆಗೆಟಿವ್ ಪದಗಳ ಪಟ್ಟಿಯನ್ನು ಅಲ್ಲಿ ಮೊದಲ ದಿನವೇ ಹಾಕಿದೆವು. ಹುಬ್ಬಳ್ಳಿಯಲ್ಲಿ 20 ಗಂಟೆ ಹಿಡಿದ ಕೆಲಸ ಗದಗಿನಲ್ಲಿ 9 ಗಂಟೆಗೆ ಮುಗಿಯಿತು. ಫೀಸು ಅಷ್ಟೇ ಇತ್ತು. ಉಳಿದ ಗಂಟೆಗಳಲ್ಲೇ ಮೂರನೆಯವರನ್ನು ಕೆಲಸಕ್ಕೆ ಸೇರಿಸಿಕೊಂಡು ಕಲಿಸಲು ಶುರು ಮಾಡಿದೆವು. ಅವರಿಗೆ ಕೊಟ್ಟ ಮೊದಲ ಕೆಲಸ, ಪ್ರತಿ ಸೋಮವಾರ ಎರಡೂ ಅಂಗಡಿಗೆ ಫೋನ್ ಮಾಡಿ ಆ ನೋಟ್‌ಬುಕ್ಕಿನ ಸಾಲುಗಳನ್ನು ಕೇಳಿ ಬರೆದುಕೊಳ್ಳುವುದು.