ಕಿವಿಯ ಫೋಟೊ ಆಂಕರೇಜ್‌ಗೆ ಹೋಗುವ ದಾರಿ

ಅಲಾಸ್ಕಾದ ಎಷ್ಟೋ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಹೋಗಬೇಕೆಂದರೆ ಚಿಕ್ಕ ವಿಮಾನ, ಇಲ್ಲವೇ ದೋಣಿ. ಅಲ್ಲಿನ ಕ್ಲಿನಿಕ್‌ನಲ್ಲಿ ಬಹಳ ಸಲ ಡಾಕ್ಟರ್ ಇರುವುದಿಲ್ಲ, ತರಬೇತಿ ಪಡೆದ ಆರೋಗ್ಯ ಸಹಾಯಕಿ ಇರುತ್ತಾರೆ. ಒಂದು ಮಗುವಿಗೆ ಕಿವಿ ಸೋರುತ್ತಿದೆ ಅಂದುಕೊಳ್ಳಿ. ಆಕೆ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ನಳಿಕೆಯನ್ನು ಮೆಲ್ಲಗೆ ಕಿವಿಯೊಳಗೆ ಇಟ್ಟು ಕಿವಿತಮಟೆಯ ಫೋಟೊ ತೆಗೆಯುತ್ತಾರೆ. ಫೋಟೊ ಆಂಕರೇಜ್ ನಗರದ ಕಿವಿ ತಜ್ಞರಿಗೆ ಹೋಗುತ್ತದೆ. ಔಷಧಿ ಸಾಕೋ, ಮಗುವನ್ನು ವಿಮಾನ ಹತ್ತಿಸಬೇಕೋ ಎಂದು ಅವರು ನೋಡಿ ಹೇಳುತ್ತಾರೆ.

ವಿಡಿಯೊ ಕಾಲ್ ಮಾಡಬಹುದಿತ್ತಲ್ವಾ? ಕೇಬಲ್ ಇಲ್ಲದ ಊರುಗಳು ಬಹುಕಾಲ ನೆಚ್ಚಿಕೊಂಡಿದ್ದದ್ದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು. ಮಾತು ಅಷ್ಟು ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಹಾಗೇ ವಾಪಸ್ ಬರಬೇಕು. ಬೆಳಕಿನ ವೇಗದಲ್ಲೇ ಹೋದರೂ ಸುಮಾರು ಅರ್ಧ ಸೆಕೆಂಡ್ ಬೇಕು. ಸಂಪರ್ಕ ತೆಳುವಾಗಿದ್ದರೆ ಚಿತ್ರ ಬೇರೆ ನಿಂತು ನಿಂತು ಬರುತ್ತದೆ. ಫೋಟೊಗೆ ಈ ತಾಪತ್ರಯವಿಲ್ಲ. ನಿಧಾನವಾಗಿ ಹೋದರೂ ಪೂರ್ತಿ ಹೋಗುತ್ತದೆ. ಆದರೆ ಆ ನಿಧಾನಕ್ಕೂ ಒಂದು ಮಿತಿ ಬೇಕು. ಹತ್ತು ಮೆಗಾಬೈಟ್‌ನ ಒಂದು ಎಕ್ಸ್‌ರೇ ಹಳೆಯ ಡಯಲ್‌ಅಪ್ ಫೋನ್ ಲೈನಿನಲ್ಲಿ ಹೋಗಲು 20 ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದೆ. 100 ಮೆಗಾಬಿಟ್ ಲೈನಿನಲ್ಲಿ ಒಂದು ಸೆಕೆಂಡೂ ಬೇಡ.

ಹಾಗಾದರೆ ಒಳ್ಳೆಯ ಲೈನ್ ಹಾಕಿಸುವುದು ತಾನೇ? ತೊಡಕಿರುವುದು ಭಾಗಾಕಾರದಲ್ಲಿ. ಕೇಬಲ್ ಎಳೆಯುವ ಖರ್ಚು ದೂರವನ್ನು ನೋಡುತ್ತದೆ, ಆ ತುದಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ನೋಡುವುದಿಲ್ಲ. ನಗರದಲ್ಲಿ ಒಂದು ಕಿಲೋಮೀಟರಿನ ಖರ್ಚು ಸಾವಿರ ಮನೆಗಳಿಗೆ ಹಂಚಿಹೋಗುತ್ತದೆ. ಹಳ್ಳಿಯಲ್ಲಿ ನೂರು ಕಿಲೋಮೀಟರಿನ ಖರ್ಚು ಒಂದು ಕ್ಲಿನಿಕ್, ಒಂದು ಶಾಲೆ, ನಾಲ್ಕಾರು ಮನೆಗಳ ತಲೆ ಮೇಲೆ ಬೀಳುತ್ತದೆ. ಇದನ್ನು ಸುಮ್ನೆ ಮಾರುಕಟ್ಟೆಗೆ ಬಿಟ್ಟರೆ ಲೈನ್ ಬರುವುದೇ ಇಲ್ಲ.

ಈ ಭಾರವನ್ನು ಇಡೀ ದೇಶಕ್ಕೆ ಹಂಚಲು ಅಮೆರಿಕ 1996ರಲ್ಲಿ ಕಾನೂನು ಮಾಡಿತು. ಫೆಬ್ರವರಿ 8ರಂದು ಬಿಲ್ ಕ್ಲಿಂಟನ್ ಅದಕ್ಕೆ ಸಹಿ ಹಾಕಿದ್ದು ಅಲ್ಲಿನ ಸಂಸತ್ತಿನ ಗ್ರಂಥಾಲಯದಲ್ಲಿ. ಕಾನೂನಿನ ಒಂದು ಭಾಗ ಶಾಲೆ, ಗ್ರಂಥಾಲಯ ಮತ್ತು ಹಳ್ಳಿ ಆಸ್ಪತ್ರೆಗಳಿಗೆ ಮೀಸಲು. ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಇದಕ್ಕೆಂದೇ ಇರುವ ಒಂದು ನಿಧಿಗೆ ಕಟ್ಟಬೇಕು. ಅವು ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸುತ್ತವೆ. ನ್ಯೂಯಾರ್ಕಿನವರ ಫೋನ್ ಬಿಲ್ಲಿನ ಒಂದು ಸಣ್ಣ ಸಾಲು ಅಲಾಸ್ಕಾದ ಕ್ಲಿನಿಕ್ಕಿನ ಲೈನಿಗೆ ಹೋಗುತ್ತದೆ. ಒಂದು ಯೋಜನೆಯಲ್ಲಿ ಹಳ್ಳಿಯ ಕ್ಲಿನಿಕ್ ನಗರದ ದರವನ್ನಷ್ಟೇ ಕೊಡುತ್ತದೆ, ಮಿಕ್ಕಿದ್ದನ್ನು ನಿಧಿ ತುಂಬುತ್ತದೆ.

ಶಾಲೆ ಮತ್ತು ಗ್ರಂಥಾಲಯಗಳ ಯೋಜನೆಗೆ ಇ-ರೇಟ್ ಎಂದು ಹೆಸರು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬಡತನ ಅಳೆಯುವ ರೀತಿ. ಹೊಸ ಸರ್ವೆ ಗಿರ್ವೆ ಏನೂ ಇಲ್ಲ. ಅಲ್ಲಿ ಮನೆಯ ಆದಾಯ ನೋಡಿ ಮಕ್ಕಳಿಗೆ ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಶಾಲೆಯಲ್ಲಿ ಊಟ ಕೊಡುತ್ತಾರೆ. ಅಂಥ ಮಕ್ಕಳು ಜಾಸ್ತಿ ಇದ್ದಷ್ಟೂ ಶಾಲೆಗೆ ರಿಯಾಯಿತಿ ಜಾಸ್ತಿ. ನೂರಕ್ಕೆ 20ರಿಂದ ಶುರುವಾಗಿ 90ರವರೆಗೆ. ತೀರಾ ಬಡ ಶಾಲೆಯೂ ಬಿಲ್ಲಿನ ಹತ್ತನೇ ಒಂದು ಪಾಲು ಕೊಡಬೇಕು. ಅದು ಸರಿ ಅನ್ನಿಸುತ್ತದೆ. ಕೈಯಿಂದ ಸ್ವಲ್ಪ ಹೋದರೆ ಬೇಡದ್ದನ್ನು ಯಾರೂ ತರಿಸುವುದಿಲ್ಲ.

1994ರಲ್ಲಿ ಅಮೆರಿಕದ ಸರ್ಕಾರಿ ಶಾಲೆಗಳ ನೂರು ತರಗತಿ ಕೋಣೆಗಳಲ್ಲಿ ಇಂಟರ್ನೆಟ್ ಇದ್ದದ್ದು ಮೂರರಲ್ಲಿ. 2005ಕ್ಕೆ ಅದು 94. ಎಲ್ಲವೂ ಇ-ರೇಟ್‌ನಿಂದಲೇ ಆಯಿತು ಎನ್ನಲಾರೆ, ಆ ಹೊತ್ತಿಗೆ ಉಪಕರಣಗಳೂ ಅಗ್ಗವಾಗಿದ್ದವು. ಆದರೆ ಬಡ ಶಾಲೆಗಳು ಇಷ್ಟು ಬೇಗ ಜೊತೆಗೂಡಿದ್ದರಲ್ಲಿ ಅದರ ಪಾಲು ದೊಡ್ಡದು.

ನಮ್ಮಲ್ಲೂ ಇಂಥದ್ದೇ ನಿಧಿ 2002ರಿಂದ ಇದೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಫೈಬರ್ ಬಂದದ್ದು ಇದೇ ಹಣದಲ್ಲಿ. ಫೈಬರ್ ಇಲ್ಲದ ದಿನಗಳಲ್ಲಿ, 2000ರ ದಶಕದ ಆರಂಭದಲ್ಲಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿದ್ದು ಇಸ್ರೋ ಉಪಗ್ರಹ. ಅಲಾಸ್ಕಾದಂತೆ ಇಲ್ಲೂ ಮಾತು 36,000 ಕಿಲೋಮೀಟರ್ ಏರಿ ಇಳಿಯಬೇಕಿತ್ತು.

ಅಮೆರಿಕದ ನಿಧಿಗೆ ಈಗ ಕಷ್ಟದ ಕಾಲ. ವಂತಿಗೆ ಲೆಕ್ಕ ಹಾಕುವುದು ಮುಖ್ಯವಾಗಿ ರಾಜ್ಯದ ಗಡಿ ದಾಟುವ ಮತ್ತು ಅಂತರರಾಷ್ಟ್ರೀಯ ಫೋನ್ ಸೇವೆಯ ಆದಾಯದ ಮೇಲೆ. ಜನ ಇಂಟರ್ನೆಟ್‌ಗೆ ಹೊರಳಿದ ಹಾಗೆ ಆ ಆದಾಯ ಕರಗುತ್ತಿದೆ. ಬುಡ ಚಿಕ್ಕದಾದಷ್ಟೂ ದರ ಏರುತ್ತದೆ. ಈಚಿನ ವರ್ಷಗಳಲ್ಲಿ ಅದು ನೂರಕ್ಕೆ 30ನ್ನೂ ದಾಟಿದೆ. ಈ ವಸೂಲಿಯೇ ಸಂವಿಧಾನಕ್ಕೆ ವಿರುದ್ಧ ಎಂಬ ದಾವೆಯೂ ನಡೆಯಿತು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6-3ರ ತೀರ್ಪಿನಲ್ಲಿ ನಿಧಿಯನ್ನು ಉಳಿಸಿತು.

ಇನ್ನೊಂದು ಜಗಳ ಶಾಲೆಯ ಗೋಡೆಯದು, ನಿಧಿಯ ಹಣ ಅದರಾಚೆಗೂ ಹೋಗಬಹುದೇ ಎಂದು. 2020ರ ಆಗಸ್ಟ್‌ನಲ್ಲಿ, ಕೋವಿಡ್ ನಡುವೆ, ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ಇಬ್ಬರು ಹುಡುಗಿಯರು ಫಾಸ್ಟ್‌ಫುಡ್ ಅಂಗಡಿಯ ಹೊರಗೆ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಶಾಲೆಯ ಕೆಲಸ ಮಾಡುತ್ತಿದ್ದ ಫೋಟೊ ಎಲ್ಲೆಡೆ ಹರಿದಾಡಿತು. ಅಂಗಡಿಯ ವೈಫೈ ಹಿಡಿಯಲು ಬಂದಿದ್ದರು. ಸಿಲಿಕಾನ್ ವ್ಯಾಲಿ ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ಇಂಥ ಮಕ್ಕಳಿಗಾಗಿ ಇ-ರೇಟ್ ಹಣದಲ್ಲಿ ಶಾಲಾ ಬಸ್ಸಿಗೆ ವೈಫೈ ಹಾಕಲು 2023ರಲ್ಲಿ, ಗ್ರಂಥಾಲಯದಿಂದ ವೈಫೈ ಕೊಡುವ ಪುಟ್ಟ ಹಾಟ್‌ಸ್ಪಾಟ್ ಪೆಟ್ಟಿಗೆ ಎರವಲು ಕೊಡಲು 2024ರಲ್ಲಿ ಅನುಮತಿ ಸಿಕ್ಕಿತು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ಎರಡನ್ನೂ ಹಿಂದಕ್ಕೆ ಪಡೆಯಿತು. ಕಾನೂನಿನಲ್ಲಿ ಇರುವುದು ತರಗತಿ ಮತ್ತು ಗ್ರಂಥಾಲಯ, ಬಸ್ಸು ತರಗತಿಯಲ್ಲ ಎಂಬುದು ಆಯೋಗದ ವಾದ. ಸಂಜೆ ನಾಲ್ಕರ ನಂತರ ಹೋಂವರ್ಕ್ ಮಾಡಬೇಕಾದ ಮಗು ಎಲ್ಲಿ ಕೂರಬೇಕು ಎಂದು 1996ರ ಆ ಕಾನೂನಿನಲ್ಲಿ ಬರೆದಿಲ್ಲ.