ಮಿಸ್ ಕೇರಳ ಹೊಳೆ ಬಿಟ್ಟ ಕತೆ

ಅಕ್ವೇರಿಯಂ ಅಂಗಡಿಯ ತೊಟ್ಟಿಯಲ್ಲಿ ಒಂದು ಮೀನು. ಮೂತಿಯಿಂದ ಹೊರಟು ಕಣ್ಣು ದಾಟಿ ಅರ್ಧ ಮೈವರೆಗೆ ಕುಂಕುಮದಂಥ ಗೆರೆ. ಅದರ ಕೆಳಗೆ ಬಾಲದ ತನಕ ಕಾಡಿಗೆ ಎಳೆದಂಥ ಇನ್ನೊಂದು. ಅಂಗಡಿಯವನು ಪ್ಲಾಸ್ಟಿಕ್ ಕವರಿಗೆ ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾನೆ. ಎಲ್ಲಿಂದ ಬಂತು ಅಂತ ನಾವು ಕೇಳುವುದಿಲ್ಲ. ಕೇಳಿದರೂ ಅವನಿಗೆ ಗೊತ್ತಿರುವುದು ಡೀಲರ್ ತನಕ.

ಇದು ಡೆನಿಸನ್ ಬಾರ್ಬ್. ಅಡ್ಡಹೆಸರು 'ಮಿಸ್ ಕೇರಳ'. ಹೆಸರು ಹಾಗಿದ್ದರೂ ಕರ್ನಾಟಕಕ್ಕೆ ಹೊರಗಿನದೇನಲ್ಲ. ಕೊಡಗಿನ ಕಡೆಯಿಂದ ಇಳಿದು, ಸುಳ್ಯ ಹಾದು, ಕಾಸರಗೋಡಿನಲ್ಲಿ ಚಂದ್ರಗಿರಿ ಅನ್ನಿಸಿಕೊಳ್ಳುವ ಹೊಳೆಯೂ ಇದರ ಮನೆಗಳಲ್ಲಿ ಒಂದು.

1865ರಲ್ಲಿ ಬ್ರಿಟಿಷ್ ಮೀನು ವಿಜ್ಞಾನಿ ಫ್ರಾನ್ಸಿಸ್ ಡೇ ಇದನ್ನು ಗುರುತಿಸಿ, ಮದ್ರಾಸಿನ ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್‌ನ ಹೆಸರನ್ನು ಇದಕ್ಕಿಟ್ಟ. ಮುಂದೆ 130 ವರ್ಷ ಮೀನು ತನ್ನ ಪಾಡಿಗೆ ತಾನಿತ್ತು. 1997ರಲ್ಲಿ ಸಿಂಗಾಪುರದ ಅಕ್ವಾರಾಮಾ ಎಂಬ ಅಕ್ವೇರಿಯಂ ಮೀನುಗಳ ಪ್ರದರ್ಶನದಲ್ಲಿ ಹೊಸ ಮೀನುಗಳ ಸಾಲಿನಲ್ಲಿ ಮೂರನೇ ಸ್ಥಾನ ಸಿಕ್ಕಿತು ನೋಡಿ, ಅಲ್ಲಿಂದ ಇದರ ವ್ಯಾಪಾರ ಶುರು. 2005ರಿಂದ 2012ರೊಳಗೆ ಭಾರತದಿಂದ ಹೊರಹೋದ ಡೆನಿಸನ್ ಮೀನುಗಳೇ 3 ಲಕ್ಷಕ್ಕೂ ಜಾಸ್ತಿ.

ಗುಂಪು ಕಟ್ಟಿಕೊಂಡು ಓಡಾಡುವ ಮೀನು ಇದು. ಬಲೆ ಬಿತ್ತೆಂದರೆ ಇಡೀ ಗುಂಪೇ ಹೋಯಿತು.

2008ರಲ್ಲಿ ಕೇರಳ ಸರ್ಕಾರ ಜೂನ್, ಜುಲೈ, ಅಕ್ಟೋಬರ್‌ನಲ್ಲಿ ಹಿಡಿಯಬಾರದು ಎಂದಿತು. ಸರಿ, ಆದರೆ ಆಮೇಲೆ ವಿಜ್ಞಾನಿಗಳು ನೋಡಿದರೆ ಇದು ಮೊಟ್ಟೆ ಇಡುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ! ಅಕ್ಟೋಬರ್ ಒಂದನ್ನು ಬಿಟ್ಟರೆ ಬಸುರಿ ಮೀನು ಓಡಾಡುವ ತಿಂಗಳುಗಳಲ್ಲೇ ಬಲೆಗೆ ರಜೆ ಇರಲಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮಾಡುವ ಕೆಂಪು ಪಟ್ಟಿಯಲ್ಲಿ, ಅಳಿವಿನ ಭಯವಿರುವ ಜೀವಿಗಳ ಸಾಲಿಗೂ ಮೀನು ಸೇರಿತು. 2021ರ ಕೊನೆಗೆ ವನ್ಯಜೀವಿ ಕಾಯ್ದೆಯ ತಿದ್ದುಪಡಿ ಮಸೂದೆ ಇದನ್ನು ಹುಲಿ, ಆನೆಗಳ ಜೊತೆ ಮೊದಲ ಅನುಸೂಚಿಗೆ, ಅಂದರೆ ಅತಿ ಬಿಗಿ ರಕ್ಷಣೆಯ ಪಟ್ಟಿಗೆ ಹಾಕಿತು. ಸಾಕುವವರು ಗಾಬರಿಯಾದರು. ಮುಂದಿನ ವರ್ಷ ಹೆಸರು ಪಟ್ಟಿಯಿಂದ ಹೊರಬಂತು.

ಈ ಗಾಬರಿ ಸುಮ್ನೆ ಅಲ್ಲ. ಅಷ್ಟರಲ್ಲಿ ಡೆನಿಸನ್ ಮರಿ ಮಾಡಿಸುವುದನ್ನು ಕೇರಳದಲ್ಲೂ ಕಲಿತಿದ್ದರು, ಆಗ್ನೇಯ ಏಷ್ಯಾದ ಫಾರಂಗಳಲ್ಲಂತೂ ಹಾರ್ಮೋನ್ ಚುಚ್ಚಿ ಮರಿ ಮಾಡಿಸುತ್ತಿದ್ದರು. ಹಾಗಾದರೆ ಫಾರಂ ಮೀನು ತಂದರೆ ಮುಗೀತು, ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಬ್ರೆಜಿಲಿನ ಬಾರ್ಸೆಲೋಸ್ ಊರಿನ ಕತೆ ಗೊತ್ತಾಗುವವರೆಗೆ. ಅಲ್ಲಿ ರಿಯೊ ನೀಗ್ರೊ ನದಿಯಲ್ಲಿ ಬೆರಳುದ್ದವೂ ಇಲ್ಲದ ಕಾರ್ಡಿನಲ್ ಟೆಟ್ರಾ ಎಂಬ ಅಕ್ವೇರಿಯಂ ಮೀನು ಹಿಡಿದು ಬದುಕುವ ಮನೆಗಳಿವೆ. ನೆರೆ ಬಂದಾಗ ಈ ಮೀನು ಮುಳುಗಿದ ಕಾಡಿಗೆ ನುಗ್ಗುತ್ತದೆ, ನೀರಿಳಿದಾಗ ಗುಂಡಿಗಳಲ್ಲಿ ಸಿಕ್ಕಿ ರಾಶಿ ರಾಶಿ ಸಾಯುತ್ತದೆ. ಸಾಯುವುದರಲ್ಲಿ ಒಂದಷ್ಟು ಹಿಡಿದರೆ ನದಿಗೆ ದೊಡ್ಡ ನಷ್ಟವಿಲ್ಲ. ಮೀನಿನಿಂದ ಹೊಟ್ಟೆ ತುಂಬುವವರೆಗೆ ಅವರು ಕಾಡಿಗೆ ಕೊಡಲಿ ಹಾಕುವ ಕಾರಣವೂ ಇಲ್ಲ. 1989ರಿಂದ ಅಲ್ಲಿರುವ 'ಪ್ರಾಜೆಕ್ಟ್ ಪಿಯಾಬಾ' ಎಂಬ ಸಂರಕ್ಷಣಾ ಯೋಜನೆ ಹೇಳುವುದು ಇದನ್ನೇ: ಮೀನು ಕೊಳ್ಳಿ, ಮರ ಉಳಿಸಿ. ಅಲ್ಲಿಯವರ ಹೊಟ್ಟೆಗೆ ಹೊಡೆದದ್ದು ಅಗ್ಗದ ಫಾರಂ ಮೀನು.

ಪಶ್ಚಿಮ ಘಟ್ಟದ ಹೊಳೆಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಡೆನಿಸನ್ ಇರುವ ಜಾಗ ಚಿಕ್ಕದು, ಅಲ್ಲೂ ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟ್ ಹಾಕಿ ಮೀನು ಹಿಡಿಯುವುದು ಬೇರೆ.

ಹಾಗಾಗಿ ನಾನು ಅಂಗಡಿಯಲ್ಲಿ ಡೆನಿಸನ್ ಆದರೆ ಫಾರಂದು ಕೊಡಿ, ಕಾರ್ಡಿನಲ್ ಆದರೆ ನದಿಯದು ಕೊಡಿ ಅನ್ನುತ್ತೇನೆ. ಹೋದ ಸಲ ಅಂಗಡಿಯವನು ನಕ್ಕುಬಿಟ್ಟ. "ಎರಡೂ ಒಂದೇ ಥರ ಥರ್ಮೋಕೋಲ್ ಡಬ್ಬದಲ್ಲಿ ಬರುತ್ತೆ ಸಾರ್. ಯಾವುದು ಎಲ್ಲಿಯದು ಅಂತ ನಾನು ಹೆಂಗೆ ಹೇಳಲಿ?"