ಕಡತ

'ನಿಮ್ಮ ಕಡತ ಯಾರ ಮೇಜಿನ ಮೇಲಿದೆ?' ತಾಲ್ಲೂಕು ಕಚೇರಿಯಲ್ಲಿ ಈ ಪ್ರಶ್ನೆ ಕೇಳಿಸಿಕೊಂಡಾಗ ಕಣ್ಣ ಮುಂದೆ ಬರುವುದು ದಾರ ಕಟ್ಟಿದ ರಟ್ಟಿನ ಫೈಲು. ಕಂಪ್ಯೂಟರಿನ ಫೈಲಿಗೂ ಕನ್ನಡದಲ್ಲಿ ಇದೇ ಹೆಸರು. ಹಿಂದಿನವರಿಗೆ ಮಾತ್ರ ಕಡತವೆಂದರೆ ಬಟ್ಟೆಯ ಪುಸ್ತಕ. 'ಕಡಿತ' ಎಂಬ ರೂಪವೂ ಉಂಟು. ಸಂಬಳದ ಕಡಿತ ಬೇರೆ, ಇದು ಬೇರೆ. ತಮಿಳಿನಲ್ಲಿ ಪತ್ರಕ್ಕೆ ಹೇಳುವ 'ಕಡಿದಂ' ಇದರ ನೆಂಟ.

ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಎರಡೂ ಕಡೆ ಬಳಿದು ಒಣಗಿಸುತ್ತಿದ್ದರು. ಆಮೇಲೆ ಎಲ್ಲೂ ಕತ್ತರಿಸದೆ, ಬೀಸಣಿಗೆಯಂತೆ ಹಿಂದೆ ಮುಂದೆ ಮಡಿಸುವುದು. ಕಪ್ಪು ಹಾಳೆ ಸಿದ್ಧ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆಯ ಚೂರು. ಸ್ಲೇಟನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು ಹೋಗುವಂತಿದ್ದರೆ ಹೇಗೋ, ಹಾಗೆ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಇದನ್ನು ಅಕ್ಕರೆಯಿಂದ ವರ್ಣಿಸಿದ್ದಾನೆ. ಅವನು ಕಂಡ ಕಡತಗಳ ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಉಳ್ಳವರ ಕಡತಕ್ಕೆ ಬಣ್ಣದ ಮರದ ಹಲಗೆಯ ರಕ್ಷೆ. ಬಡವರದಕ್ಕೆ ಬರೀ ದಾರ. ಅಳಿಸಬಹುದಾದ ಇದರಲ್ಲಿ ಸರ್ಕಾರಿ ಲೆಕ್ಕ ಬರೆಯಬಾರದೆಂದು ಟಿಪ್ಪು ತಡೆದಿದ್ದ. ಆದರೂ ಒಳ್ಳೆಯ ಕಾಗದಕ್ಕಿಂತ ಇದೇ ಹೆಚ್ಚು ಬಾಳಿಕೆಯದು ಎಂಬುದು ವಿಲ್ಕ್ಸನ ತೀರ್ಮಾನ. 

ಅವನ ತೀರ್ಮಾನ ಸರಿಯೆಂದು ತೀರ್ಥಹಳ್ಳಿ ಕಡೆಯವನಾದ ನನಗೆ ಅನಿಸುತ್ತದೆ. ನಮ್ಮಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಪುಸ್ತಕದ ಕಪಾಟಿಗೆ ಬೂಷ್ಟು ಹತ್ತಿರುತ್ತದೆ, ಹಳೆಯ ಪತ್ರಗಳಲ್ಲಿ ಶಾಯಿ ಹರಡಿರುತ್ತದೆ, ಮಡಿಕೆಯಲ್ಲಿ ಕಾಗದ ತುಂಡಾಗಿರುತ್ತದೆ. ಬಳಪ ಕಲ್ಲು, ಮಾಸಲು ಅದರಲ್ಲಿ ಬಣ್ಣವೇ ಇಲ್ಲ. ಇದ್ದಿಲೂ ಬಿಸಿಲಿಗೆ ಬಿಳಿಚುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಟ್ಟರೆ ತಲೆಮಾರುಗಳನ್ನೇ ದಾಟುತ್ತದೆ. ನಾವು ಮನೆಯ ಅಡಿಕೆ ಲೆಕ್ಕವನ್ನು ಕೆಲವು ವರ್ಷ 1.44 ಎಂಬಿಯ ಫ್ಲಾಪಿಗಳಲ್ಲಿ ಇಟ್ಟಿದ್ದೆವು. ಫ್ಲಾಪಿಗಳು ಈಗಲೂ ಪೆಟ್ಟಿಗೆಯಲ್ಲಿವೆ. ಓದುವ ಯಂತ್ರ ಮನೆಯಲ್ಲಿಲ್ಲ, ಪೇಟೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಕಡತ ಓದಲು ಹಗಲ ಬೆಳಕು ಸಾಕು.

ಜೊತೆಗೆ ಓದಬಲ್ಲ ಕಣ್ಣೂ ಬೇಕು, ಕಷ್ಟವಿರುವುದು ಅಲ್ಲೇ. ಎಷ್ಟೋ ಕಡತಗಳ ಬರಹ ಕೈ ಎತ್ತದೆ ಬರೆದ ಮೋಡಿ ಅಕ್ಷರ. ಈಗಿನ ಕನ್ನಡ ಬಲ್ಲವರಿಗೆ ಅದು ದಕ್ಕುವುದಿಲ್ಲ. ಶೃಂಗೇರಿ ಮಠದ ಕಡತಗಳಲ್ಲಿ ಲೆಕ್ಕಪತ್ರ, ದಾನ, ಓಲೆಗಳ ವಿವರಗಳಿವೆ. ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಅವುಗಳಿಂದ ಆಯ್ದು ಸಂಪಾದಿಸಿ ಪ್ರಕಟಿಸಿದ್ದರಿಂದ ನನ್ನಂಥವರಿಗೂ ಅವು ಓದಲು ಸಿಕ್ಕವು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಮನೆ ಕೆಡವುವಾಗ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಸಿಕ್ಕರೆ ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಧೂಳೆಂದು ಕಂಡದ್ದು ಅಕ್ಷರವಿರಬಹುದು. ಮೊದಲು ಓರೆ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆಯಿರಿ.